ಫೈರ್ ಎಂಜಿನ್ ಎಷ್ಟು ದೂರ? ಓದುಗರ ಪ್ರಶ್ನೆಗಳಿಗೆ ಅಗ್ನಿ ಸುರಕ್ಷತಾ ತಜ್ಞರ ಉತ್ತರ

ಬೇಸಿಗೆ ಹತ್ತಿರ ಬಂದ ಹಾಗೆ ಬೆಂಕಿಯ ಬಗ್ಗೆ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಈ ಸಲ ಬಂದವುಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ನಾಲ್ಕೂ ಒಂದೇ ಚಿಂತೆಯವು: ಕರೆದಾಗ ಬರುವವರು ಎಲ್ಲಿದ್ದಾರೆ, ಎಷ್ಟು ಜನ ಇದ್ದಾರೆ?

ಪ್ರಶ್ನೆ: ನಮ್ಮದು ಹೆಬ್ರಿಯಿಂದ ಒಳಗೆ, ಘಟ್ಟದ ಬುಡದ ಊರು. ಫೆಬ್ರವರಿಯಲ್ಲಿ ಹಟ್ಟಿ ಪಕ್ಕದ ಹುಲ್ಲು ಕುತ್ತರಿಗೆ ಬೆಂಕಿ ಬಿತ್ತು. ಅಗ್ನಿಶಾಮಕದ ವಾಹನ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ದನಗಳನ್ನು ಹೇಗೋ ಬಿಚ್ಚಿ ಬಿಟ್ಟೆವು. ಹುಲ್ಲೂ ಹೋಯಿತು, ಹಟ್ಟಿಯ ಮಾಡೂ ಹೋಯಿತು. ಹೋಬಳಿಗೊಂದು ಠಾಣೆ ಕೊಡಲು ಸರ್ಕಾರಕ್ಕೆ ಏನು ಕಷ್ಟ?

ದನಗಳು ಉಳಿದವಲ್ಲ, ಅದು ದೊಡ್ಡದು. ಆ ಗಡಿಬಿಡಿಯಲ್ಲಿ ಮೊದಲು ಹಗ್ಗ ಬಿಚ್ಚಬೇಕು ಅಂತ ನಿಮಗೆ ಹೊಳೆಯಿತು. ಎಷ್ಟೋ ಮನೆಗಳಲ್ಲಿ ಅದೇ ಮರೆತುಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರ 1950ರ ದಶಕದಲ್ಲಿ ಸ್ಥಾಯಿ ಅಗ್ನಿ ಸಲಹಾ ಸಮಿತಿ ಅಂತ ಒಂದನ್ನು ಮಾಡಿತು. ದೇಶದಲ್ಲಿ ಠಾಣೆಗಳು ಹೇಗೆ ಹಂಚಿರಬೇಕು ಅಂತ ಹೇಳುವುದು ಅದರ ಕೆಲಸ. ಅದರ ಮಾನದಂಡದ ಪ್ರಕಾರ ಪೇಟೆಯಲ್ಲಿ 10 ಚದರ ಕಿಲೋಮೀಟರಿಗೆ ಒಂದು ಠಾಣೆ, ಹಳ್ಳಿಗಾಡಿನಲ್ಲಿ 50 ಚದರ ಕಿಲೋಮೀಟರಿಗೆ ಒಂದು. ಹಳ್ಳಿಗೆ ವಾಹನ 20 ನಿಮಿಷದೊಳಗೆ ತಲುಪಬೇಕು. ಉಡುಪಿ ಜಿಲ್ಲೆಯ ವಿಸ್ತೀರ್ಣ 3,500 ಚದರ ಕಿಲೋಮೀಟರಿಗೂ ಜಾಸ್ತಿ. ಅಂದರೆ ಈ ಒಂದೇ ಜಿಲ್ಲೆಗೆ ಹತ್ತಿರ ಹತ್ತಿರ 70 ಠಾಣೆ ಬೇಕು. ನಮ್ಮಲ್ಲಿರುವುದು ಸಾಮಾನ್ಯವಾಗಿ ತಾಲೂಕು ಕೇಂದ್ರಗಳಲ್ಲಿ: ಉಡುಪಿ, ಕುಂದಾಪುರ, ಕಾರ್ಕಳ, ಹೀಗೆ. ದಕ್ಷಿಣ ಕನ್ನಡದಲ್ಲೂ ಹಾಗೆಯೇ. ಮಂಗಳೂರಿನಲ್ಲಿ ಪಾಂಡೇಶ್ವರ ಮತ್ತು ಕದ್ರಿ, ಆಮೇಲೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆ. ಇದು ನಮ್ಮ ಕರಾವಳಿಯ ಕತೆ ಮಾತ್ರ ಅಲ್ಲ. ಸುಮಾರು 2011ರಲ್ಲಿ ಕೇಂದ್ರ ಗೃಹ ಇಲಾಖೆ ಮಾಡಿಸಿದ ಸಮೀಕ್ಷೆಯಲ್ಲಿ ದೇಶಕ್ಕೆ 8,500ಕ್ಕೂ ಹೆಚ್ಚು ಠಾಣೆ ಬೇಕು, ಇರುವುದು ಮೂರು ಸಾವಿರದೊಳಗೆ ಅಂತ ಬಂತು.

ಕಟ್ಟಡ ಕಟ್ಟಬಹುದು, ವಾಹನ ಕೊಳ್ಳಬಹುದು. ಕಷ್ಟ ಇರುವುದು ಜನರಲ್ಲಿ. ವಾರಕ್ಕೆ 168 ಗಂಟೆ. ಒಬ್ಬ ಸಿಬ್ಬಂದಿ ವಾರಕ್ಕೆ 48 ಗಂಟೆ ದುಡಿಯುತ್ತಾರೆ ಅಂತ ಇಟ್ಟುಕೊಳ್ಳಿ. ವಾಹನದ ಒಂದೇ ಒಂದು ಸೀಟು ಹಗಲೂ ರಾತ್ರಿ ಖಾಲಿಯಾಗದಿರಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ, ತರಬೇತಿ ಸೇರಿದರೆ ನಾಲ್ಕು ದಾಟುತ್ತದೆ. ಒಂದು ವಾಹನಕ್ಕೆ ಚಾಲಕ, ಮೇಲ್ವಿಚಾರಕ, ನಾಲ್ವರು ಅಗ್ನಿಶಾಮಕರು ಅಂದರೂ ಆರು ಸೀಟು. ಅಲ್ಲಿಗೆ ಇಪ್ಪತ್ತೈದು ಜನ ಆಯಿತು. 70 ಠಾಣೆಗೆ 1,750 ಜನ, ಒಂದೇ ಜಿಲ್ಲೆಗೆ! ಠಾಣೆ ಉದ್ಘಾಟನೆ ಆದ ದಿನ ಎಲ್ಲರೂ ಫೋಟೋ ನೋಡುತ್ತಾರೆ. ಅಲ್ಲಿ ಹುದ್ದೆ ಎಷ್ಟು ಮಂಜೂರಾಗಿದೆ, ಎಷ್ಟು ತುಂಬಿದೆ ಅಂತ ಕೇಳುವವರು ಕಡಿಮೆ. ನೀವು ಅದನ್ನೇ ಕೇಳಿ. ಎರಡು ವಾಹನ ನಿಂತಿದ್ದು, ಒಂದಕ್ಕೆ ಮಾತ್ರ ಜನ ಇದ್ದರೆ ಅಲ್ಲಿರುವುದು ಒಂದೇ ವಾಹನ.

ದೂರವನ್ನೂ ನೋಡಿ. ನಾಲ್ಕೂವರೆ ಸಾವಿರ ಲೀಟರ್ ನೀರು ಹೊತ್ತ ವಾಹನ ನಮ್ಮ ತಿರುವಿನ ರಸ್ತೆಯಲ್ಲಿ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಅದೇ ಜಾಸ್ತಿ. 20 ನಿಮಿಷಕ್ಕೆ 13 ಕಿಲೋಮೀಟರ್ ಆಗುತ್ತದೆ. ಕಾರ್ಕಳದಿಂದ ಹೆಬ್ರಿಗೇ ಸುಮಾರು 30 ಕಿಲೋಮೀಟರ್ ಇದೆ. ಚಾಲಕ ಎಷ್ಟೇ ಜಾಣನಾದರೂ ಮುಕ್ಕಾಲು ಗಂಟೆ ಬೇಕೇ ಬೇಕು. ಆ ಹುಡುಗರ ಮೇಲೆ ಸಿಟ್ಟಾಗಬೇಡಿ. ಹೆಚ್ಚು ಠಾಣೆ ಬೇಕು ಅನ್ನುವ ನಿಮ್ಮ ಬೇಡಿಕೆ ಪೂರ್ತಿ ನ್ಯಾಯವಾದದ್ದು, ಅದನ್ನು ಬಿಡಲೂಬೇಡಿ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆ ಕೇಂದ್ರ 5,000 ಕೋಟಿ ರೂಪಾಯಿ ಮೀಸಲಿಟ್ಟಿತು. 2023ರಲ್ಲಿ ಆ ಯೋಜನೆ ಶುರುವಾಯಿತು. ಕೇಳಲು ದಾರಿ ಇದೆ. ಆದರೆ ಹೋಬಳಿಗೊಂದು ಠಾಣೆ ಬಂದರೂ ಮೊದಲ ಹತ್ತು ನಿಮಿಷ ಊರಿನವರದ್ದೇ. ಅದರ ಬಗ್ಗೆ ಕೊನೆಯ ಪ್ರಶ್ನೆಯಲ್ಲಿ ಬರೆದಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿ ಬೆಂಕಿ ಆರಿಸುವವರು ಹೆಚ್ಚಿನವರು ಸಂಬಳ ಇಲ್ಲದ ಸ್ವಯಂಸೇವಕರಂತೆ. ಮುಂಬೈಯಲ್ಲಿ ಅಗ್ನಿಶಾಮಕ ದಳ ಪಾಲಿಕೆಯದ್ದು. ನಮ್ಮಲ್ಲಿ ಯಾಕೆ ಹಾಗಿಲ್ಲ? (ಕಾಲೇಜು ವಿದ್ಯಾರ್ಥಿನಿ, ಮಂಗಳೂರು)

ಒಳ್ಳೆಯ ಪ್ರಶ್ನೆ. 1992ರ 74ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ಅದರಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ವಹಿಸುವುದು, ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. ಮಹಾರಾಷ್ಟ್ರ, ಗುಜರಾತಿನ ದೊಡ್ಡ ನಗರಗಳಲ್ಲಿ ಪಾಲಿಕೆಯೇ ನಡೆಸುತ್ತದೆ. ಕರ್ನಾಟಕದಲ್ಲಿ 1964ರ ಕಾಯ್ದೆಯ ಪ್ರಕಾರ ಇಡೀ ರಾಜ್ಯಕ್ಕೆ ಒಂದೇ ಇಲಾಖೆ. ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳದಲ್ಲೂ ರಾಜ್ಯದ ಇಲಾಖೆಯೇ. ತಲಪಾಡಿ ಗಡಿ ದಾಟಿದರೆ ಉಪ್ಪಳದ ಠಾಣೆ ಕೇರಳ ಸರ್ಕಾರದ್ದು.

ನನಗೆ ನಮ್ಮ ಪದ್ಧತಿಯೇ ಮೇಲು ಅನಿಸುತ್ತದೆ. ಪಾಲಿಕೆಗೆ ಬಿಟ್ಟರೆ ದುಡ್ಡಿರುವ ನಗರಕ್ಕೆ ಒಳ್ಳೆಯ ದಳ ಸಿಗುತ್ತದೆ. ಸುಳ್ಯಕ್ಕೋ ಬೈಂದೂರಿಗೋ ಯಾರು ಕೊಡುತ್ತಾರೆ? ರಾಜ್ಯದ ಇಲಾಖೆ ಆದರೆ ಒಂದೇ ತರಬೇತಿ, ಒಂದೇ ಬಗೆಯ ಸಲಕರಣೆ. ದೊಡ್ಡ ಅನಾಹುತ ಆದಾಗ ಪಕ್ಕದ ಜಿಲ್ಲೆಯ ವಾಹನವನ್ನೂ ಕರೆಸಬಹುದು.

ಅಮೆರಿಕದಲ್ಲಿ 29,000ಕ್ಕೂ ಹೆಚ್ಚು ಅಗ್ನಿಶಾಮಕ ದಳಗಳಿವೆ. 2020ರಲ್ಲಿ ಅವುಗಳಲ್ಲಿ ಸುಮಾರು ಹತ್ತು ಲಕ್ಷ ಜನ ಇದ್ದರು, ನೂರಕ್ಕೆ 65 ಮಂದಿ ಸ್ವಯಂಸೇವಕರು. ಇದನ್ನು ಕೇಳಿ ನ್ಯೂಯಾರ್ಕಿನಲ್ಲೂ ಸಂಬಳ ಇಲ್ಲದವರೇ ಬೆಂಕಿ ಆರಿಸುತ್ತಾರೆ ಅಂದುಕೊಳ್ಳಬೇಡಿ. ಪೂರ್ತಿ ಅಥವಾ ಹೆಚ್ಚಿನವರು ಸಂಬಳದವರಾಗಿರುವ ದಳಗಳು ನೂರಕ್ಕೆ 18 ಮಾತ್ರ. ಆದರೆ ಜನಸಂಖ್ಯೆಯ ಸುಮಾರು ಶೇಕಡಾ 70ರಷ್ಟು ಅವುಗಳ ರಕ್ಷಣೆಯಲ್ಲೇ ಇದೆ. ನಗರಕ್ಕೆ ಸಂಬಳದವರು, ಹಳ್ಳಿಗೆ ಊರಿನವರು. ಆಸ್ಟ್ರಿಯಾದಲ್ಲಿ ಇಡೀ ದೇಶಕ್ಕೆ ಸಂಬಳದ ದಳ ಇರುವುದು ಆರೇ ನಗರಗಳಲ್ಲಿ. ಉಳಿದ ಕಡೆ ಊರಿನ ರೈತರು, ಬಡಗಿಗಳು, ಅಂಗಡಿಯವರು ಸೈರನ್ ಕೇಳಿದ ತಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಅವರು ಸುಮ್ನೆ ಹುಮ್ಮಸ್ಸಿನಿಂದ ಬಂದವರಲ್ಲ. ತರಬೇತಿ ಇದೆ, ಸಮವಸ್ತ್ರ ಇದೆ, ಊರಿನದ್ದೇ ವಾಹನ ಇದೆ. ಚಿಲಿ ದೇಶದಲ್ಲಂತೂ ರಾಜಧಾನಿಯಲ್ಲೂ ಸ್ವಯಂಸೇವಕರೇ. ಪ್ಯಾರಿಸ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. 1811ರಲ್ಲಿ ನೆಪೋಲಿಯನ್ ಈ ಕೆಲಸವನ್ನು ಸೇನೆಗೆ ಕೊಟ್ಟ, ಇವತ್ತಿಗೂ ಅಲ್ಲಿ ಸೈನಿಕರೇ.

ಸ್ವಯಂಸೇವಕ ಪದ್ಧತಿಗೂ ಒಂದು ಕಾಯಿಲೆ ಹಿಡಿದಿದೆ. ಅಮೆರಿಕದಲ್ಲಿ 1984ರಲ್ಲಿ ಸುಮಾರು 9 ಲಕ್ಷ ಇದ್ದ ಸ್ವಯಂಸೇವಕರು 2020ಕ್ಕೆ ಸುಮಾರು 6.8 ಲಕ್ಷಕ್ಕೆ ಇಳಿದರು. ಹುಡುಗರು ಕೆಲಸಕ್ಕೆ ದೂರದ ಊರಿಗೆ ಹೋಗುವುದು ಇದಕ್ಕೆ ಒಂದು ಕಾರಣ. ಹಗಲು ಹೊತ್ತು ಸೈರನ್ ಕೇಳಿಸಿಕೊಳ್ಳಲು ಊರಲ್ಲಿ ಆಳೇ ಇರುವುದಿಲ್ಲ. ಬೆಂಗಳೂರು, ಮುಂಬೈ, ದುಬೈಗೆ ಮಕ್ಕಳನ್ನು ಕಳಿಸಿದ ನಮ್ಮ ಹಳ್ಳಿಗಳಿಗೂ ಇದು ಅರ್ಥವಾಗುವ ಮಾತೇ ಅಲ್ವಾ?

ಪ್ರಶ್ನೆ: ಮಂಗಳೂರಿನಲ್ಲಿ ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ವಿಮಾನ ನಿಲ್ದಾಣ ಎಲ್ಲಕ್ಕೂ ಅವರದ್ದೇ ಅಗ್ನಿಶಾಮಕ ವಾಹನಗಳಿವೆ. ನಮ್ಮ ಅಪಾರ್ಟ್‌ಮೆಂಟಿಗೆ ಬೆಂಕಿ ಬಿದ್ದರೆ ಅವರೂ ಬರುತ್ತಾರಾ? (ಬಿಜೈ)

ಅವರನ್ನು ನಂಬಿ ಕೂರಬೇಡಿ. ವಿಮಾನ ನಿಲ್ದಾಣದಲ್ಲಿ ನಿಗದಿಯಾದಷ್ಟು ವಾಹನ ಮತ್ತು ಸಿಬ್ಬಂದಿ ಸಿದ್ಧ ಇಲ್ಲದಿದ್ದರೆ ದೊಡ್ಡ ವಿಮಾನಗಳನ್ನು ಇಳಿಸುವಂತಿಲ್ಲ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಬೇಕು ಅನ್ನುವುದು ಅಂತಾರಾಷ್ಟ್ರೀಯ ನಿಯಮ. ಅವರು ಜಾಗ ಬಿಟ್ಟು ಬರುವುದು ಸುಲಭ ಅಲ್ಲ. ಕೈಗಾರಿಕೆಗಳದ್ದು ಎಣ್ಣೆ, ಗ್ಯಾಸ್ ಬೆಂಕಿಗೆ ತಯಾರಾದ ನೊರೆಯ ವಾಹನಗಳು. ದೊಡ್ಡ ದುರಂತದಲ್ಲಿ ಒಬ್ಬರಿಗೊಬ್ಬರು ನೆರವಾಗುವ ವ್ಯವಸ್ಥೆ ಇದೆ. ಅಪಾಯದ ರಾಸಾಯನಿಕಗಳ ಬಗ್ಗೆ 1989ರಲ್ಲಿ ಬಂದ ನಿಯಮಗಳ ಪ್ರಕಾರ ಕಾರ್ಖಾನೆಯ ಹೊರಗಿನ ತುರ್ತು ಯೋಜನೆ ಮಾಡುವುದು ಜಿಲ್ಲಾಡಳಿತದ ಹೊಣೆ.

2010ರ ಮೇ 22 ನೆನಪಿಸಿಕೊಳ್ಳಿ. ಅಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ವಾಹನಗಳು ಇದ್ದವು. ಇಳಿಜಾರು, ಕಿರಿದಾದ ದಾರಿ, ಸೇರಿದ ಜನಜಂಗುಳಿ ಅಡ್ಡ ಬಂದವು. ಮೊದಲು ಅಲ್ಲಿಗೆ ಓಡಿದವರಲ್ಲಿ ಸುತ್ತಲಿನ ಮನೆಯವರು ಇದ್ದರು.

ನಿಮ್ಮ ಕಟ್ಟಡದ ಬೆಂಕಿಗೆ ಮೊದಲ ನೀರು ನಿಮ್ಮ ಕಟ್ಟಡದ್ದೇ ಆಗಬೇಕು. ಬೆಂಕಿಗೆಂದು ಇಟ್ಟ ಟ್ಯಾಂಕ್ ತುಂಬಿದೆಯಾ, ಪಂಪು ತಾನಾಗಿ ಶುರುವಾಗುವಂತೆ ಆಟೋಮ್ಯಾಟಿಕ್‌ನಲ್ಲಿ ಇದೆಯಾ, ಮಹಡಿಗಳ ಹೈಡ್ರಂಟ್ ಪೆಟ್ಟಿಗೆಯಲ್ಲಿ ಪೈಪು ಮತ್ತು ನಳಿಕೆ ಇದೆಯಾ ಅಂತ ಇವತ್ತೇ ನೋಡಿ. ಮೆಟ್ಟಿಲಿನಲ್ಲಿ ಹಳೆ ಸೋಫಾ, ಸೈಕಲ್ ಇದ್ದರೆ ತೆಗೆಸಿ. ಗೇಟಿನ ಮುಂದೆ ಕಾರು ನಿಲ್ಲಿಸಲು ಬಿಡಬೇಡಿ.

ಪ್ರಶ್ನೆ: ಕುಂದಾಪುರದಿಂದ ಒಳಗಿನ ನಮ್ಮ ಯುವಕ ಮಂಡಲದವರು ಸೇರಿ ಊರಿಗೊಂದು ಬೆಂಕಿ ತಂಡ ಮಾಡಬೇಕು ಅಂತಿದ್ದೇವೆ. ಹಳೇ ಟ್ಯಾಂಕರ್ ಕೊಳ್ಳುವುದಾ? ಎಲ್ಲಿಂದ ಶುರು ಮಾಡುವುದು?

ಇಂಥ ಪತ್ರ ಬಂದರೆ ನನಗೆ ತುಂಬ ಖುಷಿ. ಟ್ಯಾಂಕರ್ ಈಗಲೇ ಬೇಡ. ಅದರ ದುರಸ್ತಿ, ಚಾಲಕ, ವಿಮೆ ಅಂತ ಎರಡನೇ ವರ್ಷಕ್ಕೆ ಮಂಡಲವೇ ಸುಸ್ತಾಗುತ್ತದೆ.

ಮೊದಲು ನೀರು. ಅಗ್ನಿಶಾಮಕದ ಸಾಮಾನ್ಯ ವಾಹನದಲ್ಲಿ 4,500 ಲೀಟರ್ ಇರುತ್ತದೆ. ಒಂದು ನಳಿಕೆಯಿಂದ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತು ನಿಮಿಷಕ್ಕೆ ಖಾಲಿ. ಆಮೇಲೆ? ನಮ್ಮೂರಲ್ಲಿ ಮನೆಗೊಂದು ಬಾವಿ ಇದೆಯಲ್ಲ ಅನ್ನುತ್ತೀರಿ. ಏಪ್ರಿಲ್‌ನಲ್ಲಿ ಬಾವಿ ನೀರು ಎಷ್ಟು ಕೆಳಗಿರುತ್ತದೆ? ವಾಹನದ ಪಂಪು ಏಳೆಂಟು ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಪಂಪು ಎಷ್ಟೇ ದೊಡ್ಡದಿರಲಿ, ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಹಾಗಾಗಿ ರಸ್ತೆ ಪಕ್ಕದ ಕೆರೆ, ಮದಗ, ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ಹೊಳೆ ನೀರು, ಇವೇ ಕೆಲಸಕ್ಕೆ ಬರುವಂಥವು. ಬೇಸಿಗೆಯಲ್ಲಿ ಎಲ್ಲಿ ನೀರು ಇರುತ್ತದೆ, ಅದರ ಹತ್ತಿರಕ್ಕೆ ಲಾರಿ ಬರುತ್ತದಾ ಅಂತ ಊರಿನ ನಕ್ಷೆಯಲ್ಲಿ ಗುರುತು ಮಾಡಿ. ಒಂದು ಪ್ರತಿಯನ್ನು ಠಾಣೆಗೆ ಕೊಡಿ.

ದಾರಿಯನ್ನೂ ಅದರಲ್ಲೇ ಬರೆಯಿರಿ. ಯಾವ ಮೋರಿ ಲಾರಿ ಭಾರ ತಡೆಯುತ್ತದೆ, ಯಾವ ದೇವಸ್ಥಾನದ ಸ್ವಾಗತ ಕಮಾನು ತಗ್ಗಾಗಿದೆ, ಎಲ್ಲಿ ಕಾಲುಸಂಕ ಮಾತ್ರ ಇದೆ. ಕರೆ ಬಂದಾಗ ಇಬ್ಬರು ಬೈಕಿನಲ್ಲಿ ಮುಖ್ಯರಸ್ತೆಯ ಕ್ರಾಸಿಗೆ ಹೋಗಿ ವಾಹನಕ್ಕೆ ದಾರಿ ತೋರಿಸಬೇಕು. ಕತ್ತಲಲ್ಲಿ ಮನೆ ಹುಡುಕುವ ಸಮಯ ಇಷ್ಟರಿಂದಲೇ ಉಳಿಯುತ್ತದೆ.

ದುಡ್ಡು ಹಾಕುವುದಾದರೆ ಡೀಸೆಲ್ ಅಥವಾ ಪೆಟ್ರೋಲ್ ಪಂಪಿಗೆ ಹಾಕಿ. ತೋಟದ ಕರೆಂಟ್ ಪಂಪು ನಂಬಬೇಡಿ, ಬೆಂಕಿ ಅಂದ ಕೂಡಲೇ ಲೈನ್ ಕಡಿತ ಮಾಡಬೇಕಾಗುತ್ತದೆ. ನೂರು ಮೀಟರ್ ಪೈಪು, ಉದ್ದ ಕೋಲಿನ ಕೊಕ್ಕೆಗಳು, ಟಾರ್ಚ್, ಬೂಟು, ಬಾವಿಗೆ ಇಳಿಯುವ ಗಟ್ಟಿ ಹಗ್ಗ, ಇವಿಷ್ಟು ಸಾಕು. ಆದರೆ ಬಾವಿಗೆ ಬಿದ್ದವರನ್ನು ಎತ್ತಲು ತರಬೇತಿ ಇಲ್ಲದವರು ಇಳಿಯಕೂಡದು. ಒಳಗೆ ಉಸಿರಾಡುವ ಗಾಳಿ ಇಲ್ಲದೆ ಇಳಿದವರೂ ಸತ್ತದ್ದಿದೆ.

ಹುಲ್ಲು ಕುತ್ತರಿಗೆ ಬೆಂಕಿ ಬಿದ್ದರೆ ಹುಲ್ಲು ಉಳಿಸಲು ಹೋಗಬೇಡಿ. ದನ ಬಿಚ್ಚಿ, ಹಟ್ಟಿಯ ಮಾಡು ಮತ್ತು ಗಾಳಿ ಬೀಸುವ ಕಡೆಯ ಗೋಡೆಗೆ ನೀರು ಹೊಡೆಯಿರಿ. ದೋಣಿಗಳಲ್ಲೂ ಇದೇ ಬುದ್ಧಿ: ಉರಿಯುವುದರ ಪಕ್ಕದ್ದನ್ನು ಮೊದಲು ಬಿಡಿಸಬೇಕು. 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ಹಲವು ದೋಣಿಗಳು ಸುಟ್ಟಿದ್ದು ನಿಮಗೆ ಗೊತ್ತೇ ಇದೆ. ಗುಡ್ಡೆಯ ಮುಳಿಹುಲ್ಲಿಗೆ ಜನವರಿಯೊಳಗೆ ಬೆಂಕಿಗೆರೆ ಮಾಡಿ. ಮನೆ, ಗೇರು ತೋಟದ ಸುತ್ತ ಮೂರು ನಾಲ್ಕು ಮೀಟರ್ ಅಗಲ ಹುಲ್ಲು ಹೆರೆದು ಗುಡಿಸಿದರೆ ಬೆಂಕಿ ಅಲ್ಲೇ ನಿಧಾನವಾಗುತ್ತದೆ.

ತರಬೇತಿಗೆ ನಿಮ್ಮ ತಾಲೂಕಿನ ಠಾಣಾಧಿಕಾರಿಗೆ ಪತ್ರ ಬರೆಯಿರಿ. ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ. 1944ರಲ್ಲಿ ಆ ದಿನ ಬಾಂಬೆ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಾಗ ಜೀವ ಕೊಟ್ಟ ಅಗ್ನಿಶಾಮಕರ ನೆನಪಿಗೆ ಅದನ್ನು ನಡೆಸುತ್ತಾರೆ. ಆಗ ಊರಿಗೆ ಬಂದು ಪ್ರಾತ್ಯಕ್ಷಿಕೆ ತೋರಿಸುತ್ತಾರೆ, ಮುಂಚೆಯೇ ಹೇಳಿಡಿ. ಒಂದು ದಿನದ ಪ್ರಾತ್ಯಕ್ಷಿಕೆಗೆ ನಿಲ್ಲಬೇಡಿ. ಕೇಂದ್ರದ ಆಪದ ಮಿತ್ರ ಯೋಜನೆಯಲ್ಲಿ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಕೊಡುವ ಗುರಿ ಇತ್ತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶೌರ್ಯ ತಂಡಗಳೂ ನಮ್ಮ ಕಡೆ ಇವೆ. ಹತ್ತಿರದಲ್ಲಿ ಅಂಥವರು ಇದ್ದರೆ ಜೊತೆ ಸೇರಿಸಿಕೊಳ್ಳಿ. ಹಗಲು ಊರಲ್ಲೇ ಇರುವ ಹೆಂಗಸರನ್ನು ಖಂಡಿತ ಸೇರಿಸಿ, ಮಧ್ಯಾಹ್ನ ಎರಡು ಗಂಟೆಗೆ ಪಂಪು ಸ್ಟಾರ್ಟ್ ಮಾಡಬೇಕಾದವರು ಅವರೇ.

ಯಾರೇ ಮೊದಲು ಬೆಂಕಿ ಕಂಡರೂ 112ಕ್ಕೋ 101ಕ್ಕೋ ಫೋನ್ ಮಾಡಿ ಆಮೇಲೆ ಓಡಬೇಕು. ನಾವೇ ಆರಿಸುತ್ತೇವೆ, ಆಗದಿದ್ದರೆ ಕರೆಯೋಣ ಅನ್ನುವುದು ಬೇಡ. ಸಣ್ಣದರಲ್ಲೇ ಆರಿಹೋದರೆ ವಾಹನ ಅರ್ಧ ದಾರಿಯಿಂದ ವಾಪಸ್ ಹೋಗುತ್ತದೆ, ಯಾರೂ ಬೈಯುವುದಿಲ್ಲ. ಅಡಿಗೆ ಗ್ಯಾಸ್ ಸೋರಿಕೆಗೆ 1906 ಇದೆ. ಸಿಲಿಂಡರ್ ಇರುವ ಕೋಣೆ ಹತ್ತಿಕೊಂಡಿದ್ದರೆ ನಿಮ್ಮ ಹುಡುಗರು ಯಾರೂ ಒಳಗೆ ಹೋಗಬಾರದು. ಜನರನ್ನು ದೂರ ಕಳಿಸಿ, ದಾರಿ ಖಾಲಿ ಮಾಡಿಸಿ, ಠಾಣೆಯವರು ಬರುವವರೆಗೆ ಹೊರಗೇ ನಿಲ್ಲಿ.