ಲ್ಯಾಂಪ್ರಿಗೆ ಹುಟ್ಟೂರಿನ ಹಂಗಿಲ್ಲ

ಕುಂದಾಪುರದ ಓದುಗರೇ, ನಮಸ್ಕಾರ. ನಿಮ್ಮ ಮಗ ಟಿವಿಯಲ್ಲಿ ಲ್ಯಾಂಪ್ರಿ ಎಂಬ ಮೀನು ಮೊಟ್ಟೆ ಇಡಲು ಹೊಳೆ ಹತ್ತುವುದನ್ನು ನೋಡಿ, ‘ನಮ್ಮ ಕಡಲಾಮೆ ಥರ ಇದೂ ಹುಟ್ಟೂರಿಗೇ ಬರುತ್ತದಾ?’ ಎಂದು ಕೇಳಿದನಂತೆ. ಒಳ್ಳೆಯ ಪ್ರಶ್ನೆ. ಇಲ್ಲ, ಬರುವುದಿಲ್ಲ.

ಆಮೆಯದ್ದು ನೆನಪಿನ ಲೆಕ್ಕ. ಭೂಮಿಯ ಕಾಂತಬಲ ತೀರದಿಂದ ತೀರಕ್ಕೆ ತುಸು ಬೇರೆಯಾಗುತ್ತದೆ, ಆ ಗುರುತು ಹಿಡಿದೇ ಹೆಣ್ಣಾಮೆ ವರ್ಷಗಳ ನಂತರ ತಾನು ಹುಟ್ಟಿದ ದಡದ ಆಸುಪಾಸಿಗೆ ಬರುತ್ತದೆ. ಹಿಂಗಾಲಿನಲ್ಲಿ ಮರಳು ತೋಡಿ ಸುಮಾರು ನೂರು ಮೊಟ್ಟೆ ಇಟ್ಟು, ಮುಚ್ಚಿ, ಕಡಲಿಗೆ ಹೋಗುತ್ತದೆ.

ಲ್ಯಾಂಪ್ರಿ ಮಾತ್ರ ಮೂಗು ನಂಬುತ್ತದೆ. ಅದರ ಮರಿಗಳು ಹೊಳೆಯ ಕೆಸರಿನಲ್ಲಿ ಹುದುಗಿಕೊಂಡು, ನೀರು ಸೋಸಿ ತಿನ್ನುತ್ತಾ ವರ್ಷಗಟ್ಟಲೆ ಇರುತ್ತವೆ. ಅವುಗಳ ಮೈಯಿಂದ ಬಿಡುವ ವಾಸನೆ ಹರಿವಿನಲ್ಲಿ ಕೆಳಗೆ ಬರುತ್ತದೆ, ದೊಡ್ಡ ಲ್ಯಾಂಪ್ರಿ ಅದನ್ನೇ ಹಿಡಿದು ಮೇಲೆ ಹೋಗುತ್ತದೆ. ಯಾರ ಮಕ್ಕಳಾದರೇನು, ಮರಿಗಳು ಬದುಕಿವೆ ಅಂದರೆ ಜಾಗ ಚೆನ್ನಾಗಿದೆ ಎಂದೇ ಅರ್ಥ, ಅಲ್ವಾ? ಅಲ್ಲಿ ದವಡೆಯೇ ಇಲ್ಲದ ದುಂಡು ಬಾಯಿಯಿಂದ ಕಲ್ಲುಗಳನ್ನು ಕಚ್ಚಿ, ಒಂದೊಂದನ್ನೇ ಎಳೆದು ಬದಿಗಿಟ್ಟು ಗುಂಡಿ ಮಾಡುತ್ತದೆ. ಮೊಟ್ಟೆ ಸಾವಿರಗಟ್ಟಲೆ. ಇಟ್ಟ ಮೇಲೆ ಸಾಯುತ್ತದೆ. ಆಮೆಯ ಹಾಗೆ ಮತ್ತೊಂದು ವರ್ಷ ಬರುವ ಮಾತಿಲ್ಲ.

ಈ ವ್ಯತ್ಯಾಸ ಸಣ್ಣದೇನಲ್ಲ. ಕಡಲ ಲ್ಯಾಂಪ್ರಿ ಉತ್ತರ ಅಮೆರಿಕದ ಮೇಲಿನ ದೊಡ್ಡ ಸರೋವರಗಳಿಗೆ ಹೋಗದಂತೆ ನಯಾಗರಾ ಜಲಪಾತ ಅಡ್ಡವಾಗಿತ್ತು. ಜಲಪಾತವನ್ನು ಸುತ್ತಿ ಹೋಗುವ ವೆಲ್ಯಾಂಡ್ ಕಾಲುವೆ ಸಿಕ್ಕಿದ ಮೇಲೆ 1921ರಲ್ಲಿ ಈರಿ ಸರೋವರದಲ್ಲಿ ಕಂಡಿತು. ಆಮೇಲೆ ಮೇಲಿನ ಸರೋವರಗಳಿಗೂ ಹಬ್ಬಿ, ಉಪ್ಪುನೀರು ಬಿಟ್ಟು ಪೂರ್ತಿ ಸಿಹಿನೀರಿನದ್ದೇ ಆಗಿ, ಟ್ರೌಟ್ ಮೀನುಗಳ ಮೈಗೆ ಅಂಟಿ ರಕ್ತ ಹೀರಿ ಅಲ್ಲಿನ ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯಿತು. ಹುಟ್ಟಿದ ಹೊಳೆಯೇ ಬೇಕೆಂದು ಹಟ ಹಿಡಿಯುವ ಮೀನಾಗಿದ್ದರೆ ಇಷ್ಟು ಸುಲಭವಾಗಿ ಹಬ್ಬುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. 1958ರಿಂದ ಅಲ್ಲಿ ಹೊಳೆಗಳಿಗೆ ಮದ್ದು ಹಾಕಿ ಕೆಸರಿನ ಮರಿಗಳನ್ನೇ ಕೊಲ್ಲುತ್ತಾರೆ. ಆಮೆಗೆ ತದ್ವಿರುದ್ಧ ಕಷ್ಟ. ಅದು ನಂಬಿದ ದಡಕ್ಕೇ ತಡೆಗೋಡೆ, ದೀಪ, ರೆಸಾರ್ಟ್ ಬಂದರೆ ಪಾಪ, ಬೇರೆ ಕಡೆ ಹೋಗುವುದು ಅದಕ್ಕೆ ಅಷ್ಟು ಸಲೀಸಲ್ಲ.

ಹಾಗಂತ ಎಲ್ಲ ಲ್ಯಾಂಪ್ರಿಯೂ ರಕ್ತ ಹೀರುವುದಿಲ್ಲ. ಯುರೋಪಿನ ತೊರೆಗಳ ಪುಟ್ಟ ಲ್ಯಾಂಪ್ರಿ ದೊಡ್ಡದಾದ ಮೇಲೆ ಏನೂ ತಿನ್ನದು, ಮೊಟ್ಟೆ ಇಟ್ಟು ಮುಗಿಸಿಬಿಡುತ್ತದೆ.

ಊರ ಹೊಳೆಯಲ್ಲಿ ನೋಡಿದ್ದೂ ಲ್ಯಾಂಪ್ರಿಯೇ ಎಂದು ಮಗ ವಾದ ಮಾಡುತ್ತಿದ್ದಾನೆ ಎಂದಿರಿ. ಅದು ಹಾವುಮೀನು ಇರಬೇಕು. ಲ್ಯಾಂಪ್ರಿ ನಮ್ಮಲ್ಲಿಲ್ಲ. ಇನ್ನೊಮ್ಮೆ ಸಿಕ್ಕಿದರೆ ಕಣ್ಣಿನ ಹಿಂದೆ ನೋಡಲು ಹೇಳಿ: ಲ್ಯಾಂಪ್ರಿಗೆ ಒಂದೊಂದು ಬದಿಗೂ ಸಾಲಾಗಿ ಏಳು ಕಿವಿರಿನ ತೂತು ಇರುತ್ತವೆ, ಹಾವುಮೀನಿಗೆ ಅಂಥ ಸಾಲು ಇರುವುದಿಲ್ಲ.