ಬೇರಿಯಂ ಎಲ್ಲಿ ಕೂತಿತು, ಮಾಸ್ತರ್ರೇ?

ಗದಗಿನ ಮಾಸ್ತರರಿಗೆ ನಮಸ್ಕಾರ.

ನೀವು ಕಳಿಸಿದ ‘ಕಲಬೆರಕೆಯ ಕರಾಮತ್ತು’ ಲೇಖನ ಧಾರವಾಡದ ನಮ್ಮ ಕಚೇರಿಗೆ ತಲುಪಿದೆ. ಒಂದು ಹರಳಿನೊಳಗಿನ ಕೆಲವು ಪರಮಾಣುಗಳನ್ನು ತೆಗೆದು ಅಲ್ಲಿ ಬೇರೆ ಧಾತುವಿನ ಪರಮಾಣು ಕೂರಿಸಿದರೆ ವಿದ್ಯುತ್ತಿಗೆ ತಡೆಯೇ ಒಡ್ಡದ ಸೂಪರ್‌ಕಂಡಕ್ಟರುಗಳಲ್ಲಿ, ಅಯಸ್ಕಾಂತಗಳಲ್ಲಿ ಏನೇನಾಗುತ್ತದೆ ಎಂದು ಹೇಳಲು ಹೊರಟಿದ್ದೀರಿ. ಈ ಡೋಪಿಂಗ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ನಿಮ್ಮ ಭಾಷೆ ಸರಾಗವಾಗಿದೆ. ಸೂಪರ್‌ಕಂಡಕ್ಟಿವಿಟಿ ಮೊದಲು ಕಂಡ ಕತೆಯ 1911, ಲೈಡನ್, ಕಾಮರ್ಲಿಂಗ್ ಓನೆಸ್, ಪಾದರಸ, 4.2 ಕೆಲ್ವಿನ್ (ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ) ಎಲ್ಲವೂ ಸರಿಯಾಗಿ ಬಂದಿವೆ. ಅದಕ್ಕೆ ಅಭಿನಂದನೆ.

ಎರಡನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ನಿಮ್ಮ ವಾಕ್ಯಗಳನ್ನೇ ಇಲ್ಲಿ ಇಡುತ್ತೇನೆ:

“1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಒಂದು ತಾಮ್ರದ ಆಕ್ಸೈಡಿಗೆ ಚಿಟಿಕೆ ಬೇರಿಯಂ ಬೆರೆಸಿದರು. ಎಣಗಾಯಿಗೆ ಗುರೆಳ್ಳು ಪುಡಿ ಬಿದ್ದ ಹಾಗೆ ವಸ್ತುವಿನ ಗುಣವೇ ಬದಲಾಯಿತು. ವಿದ್ಯುತ್ತಿಗೆ ಇದ್ದ ತಡೆ ಮಾಯವಾಯಿತು.”

ಮೊದಲು ‘ಚಿಟಿಕೆ’ ನೋಡೋಣ. ಸಿಲಿಕಾನ್ ಚಿಪ್ಪಿನ ಬಗ್ಗೆ ಬರೆಯುವಾಗ ಈ ಪದ ನಡೆಯುತ್ತದೆ. ಅಲ್ಲಿ ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳ ನಡುವೆ ಒಂದೇ ಒಂದು ಫಾಸ್ಫರಸ್ ಕೂತರೂ ಕೆಲಸ ಆಗುತ್ತದೆ. ನೀವು ಹೇಳುತ್ತಿರುವ ಆಕ್ಸೈಡಿನಲ್ಲಿ ಸೂಪರ್‌ಕಂಡಕ್ಟಿವಿಟಿ ಚೆನ್ನಾಗಿ ಬರಬೇಕಾದರೆ ನೂರು ಲ್ಯಾಂಥನಮ್‌ಗಳಲ್ಲಿ ಏಳೆಂಟನ್ನು ಬದಲಿಸಬೇಕು. ಇದನ್ನು ಚಿಟಿಕೆ ಅನ್ನಲು ಬರುವುದಿಲ್ಲ. ಓದುಗ ಸಿಲಿಕಾನ್ ಕತೆಯನ್ನು ಶಾಲೆಯಲ್ಲಿ ಕೇಳಿರುತ್ತಾನೆ. ನಿಮ್ಮ ‘ಚಿಟಿಕೆ’ ಓದಿದ ಕೂಡಲೇ ಅದನ್ನೇ ತಂದು ಇಲ್ಲಿಗೆ ಅಂಟಿಸಿಕೊಳ್ಳುತ್ತಾನೆ. ಆಮೇಲೆ ನೀವು ಏನು ಹೇಳಿದರೂ ಅವನ ತಲೆಯಲ್ಲಿ ಆ ತಪ್ಪು ಅಳತೆಯೇ ಇರುತ್ತದೆ.

ಎರಡನೆಯ ವಾಕ್ಯ ಎಣಗಾಯಿಯದು. ನಮ್ಮ ಕಡೆಯ ಓದುಗರಿಗೆ ಹತ್ತಿರ ಆಗಲಿ ಅಂತ ಬರೆದಿದ್ದೀರಿ, ಗೊತ್ತಾಗುತ್ತದೆ. ಆದರೆ ಗುರೆಳ್ಳು ಪುಡಿ ಬದನೆಕಾಯಿಯನ್ನು ಹೊರಗೆ ಕಳಿಸಿ ತಾನು ಆ ಜಾಗದಲ್ಲಿ ಕೂರುವುದಿಲ್ಲ. ಬೇರಿಯಂ ಮಾಡುವುದು ಅದನ್ನೇ. ಹರಳಿನಲ್ಲಿ ಪ್ರತಿಯೊಂದು ಪರಮಾಣುವಿಗೂ ಗೊತ್ತುಮಾಡಿದ ಜಾಗ ಇರುತ್ತದೆ. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದು. ಎದ್ದು ಹೋದವರು ಎಷ್ಟು ಎಲೆಕ್ಟ್ರಾನ್ ಕೊಡುತ್ತಿದ್ದರು, ಬಂದು ಕೂತವರು ಎಷ್ಟು ಕೊಡುತ್ತಾರೆ, ಆ ವ್ಯತ್ಯಾಸವನ್ನು ಯಾರು ತುಂಬುತ್ತಾರೆ? ಡೋಪಿಂಗ್ ಅಂದರೆ ಈ ಲೆಕ್ಕವೇ, ಮಾಸ್ತರ್ರೇ. ನಿಮ್ಮ ಲೇಖನದ ನಾಲ್ಕೂ ಪುಟ ಹುಡುಕಿದೆ. ಬೇರಿಯಂ ಯಾರ ಜಾಗದಲ್ಲಿ ಕೂತಿತು ಅಂತ ಎಲ್ಲೂ ಇಲ್ಲ. ಲ್ಯಾಂಥನಮ್ ಎಂಬ ಹೆಸರೇ ಇಲ್ಲ!

ಮೂರನೆಯದು, ‘ಗುಣವೇ ಬದಲಾಯಿತು’, ‘ಮಾಯವಾಯಿತು’. ಈ ಎರಡು ಕ್ರಿಯಾಪದಗಳನ್ನು ಓದಿದಾಗ ನನಗೆ ಹಳೆಯ ಒಂದು ಮಾತು ನೆನಪಾಯಿತು. ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ, ಕರಡು ತಿದ್ದುವವನಾಗಿ. ಆಗ ಇನ್ನೂ ಮೊಳೆ ಜೋಡಿಸುವ ಕಾಲ. ಅಲ್ಲಿ ಒಬ್ಬ ಹಿರಿಯ ಕಂಪೋಸಿಟರ್ ಇದ್ದರು. ಶಾಲೆ ಜಾಸ್ತಿ ಓದಿದವರಲ್ಲ. ಆದರೆ ಅರ್ಥ ಆಗದ ವಾಕ್ಯಕ್ಕೆ ಅವರ ಕೈ ನಿಂತುಬಿಡುತ್ತಿತ್ತು. ಒಂದೊಂದೇ ಅಕ್ಷರ ಆರಿಸಿ ಸಾಲು ಕಟ್ಟುವವರಿಗೆ ವಾಕ್ಯದ ಭಾರ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ವಿಜ್ಞಾನದ ಅಂಕಣಕ್ಕೆ ಬಂದ ಒಂದು ಬರಹದಲ್ಲಿ ‘ಬದಲಾವಣೆ ಸಂಭವಿಸಿತು’ ಅಂತಿತ್ತು. ಹಾಳೆ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. “ಸರ, ಯಾರ್ ಬದಲಾದ್ರು? ಎಲ್ಲಿದ್ದಾವ್ರು ಎಲ್ಲಿಗೆ ಹೋದ್ರು? ಇದರಾಗ ಏನೂ ತಿಳೀವಲ್ದು ನೋಡ್ರಿ” ಅಂದರು. ಸಂಪಾದಕರು ಪಕ್ಕದಲ್ಲೇ ಇದ್ದರು. ಅಂದಿನಿಂದ ನನಗೆ ಒಂದು ಕೆಲಸ ಹಚ್ಚಿದರು. ವಿಜ್ಞಾನದ ಯಾವ ಬರಹ ಬಂದರೂ ಮೊದಲು ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಹಾಕಬೇಕು, ಆ ಕೆಲಸ ಮಾಡಿದವರು ಯಾರು ಅಂತ ಅಂಚಿನಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಬರಹ ವಾಪಸ್. ಎಷ್ಟೋ ದೊಡ್ಡವರ ಬರಹಗಳು ಹಾಗೆ ವಾಪಸ್ ಹೋದವು. ಜಗಳವೂ ಆದವು. ಆ ಪದ್ಧತಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ನಿಮ್ಮ ಎರಡನೆಯ ಪುಟದ ಅಂಚು ಖಾಲಿ ಉಳಿದಿದೆ.

ಆ ಅಂಚಿನಲ್ಲಿ ಏನು ಬರಬಹುದಿತ್ತು, ನೋಡಿ. ಬೇರಿಯಂ ಬರುವ ಮೊದಲಿನ ಆಕ್ಸೈಡಿನಲ್ಲಿ ಎರಡು ಲ್ಯಾಂಥನಮ್, ಒಂದು ತಾಮ್ರ, ನಾಲ್ಕು ಆಮ್ಲಜನಕ ಇರುತ್ತವೆ. ಲ್ಯಾಂಥನಮ್ ತಲಾ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ತಾಮ್ರ ಎರಡು. ಒಟ್ಟು ಎಂಟು. ಆಮ್ಲಜನಕಗಳಿಗೆ ಬೇಕಾದದ್ದೂ ಎಂಟೇ. ಲೆಕ್ಕ ಚುಕ್ತಾ. ಆದರೆ ಪ್ರತಿ ತಾಮ್ರದ ಮೇಲೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಉಳಿಯುತ್ತದೆ. ಪಕ್ಕದ ತಾಮ್ರಕ್ಕೆ ಅದು ಜಿಗಿಯಬಹುದಿತ್ತು. ಅಲ್ಲಿ ಆಗಲೇ ಇನ್ನೊಂದು ಇದೆ, ಎರಡೂ ಒಂದೇ ತಾಮ್ರದ ಮೇಲೆ ಇರಲು ಬಹಳ ಶಕ್ತಿ ಬೇಕು. ಹಾಗಾಗಿ ಎಲ್ಲವೂ ಇದ್ದಲ್ಲೇ ಇರುತ್ತವೆ. ವಿದ್ಯುತ್ತು ಹರಿಯುವುದಿಲ್ಲ. ಅಕ್ಕಪಕ್ಕದ ತಾಮ್ರಗಳ ಮೇಲಿನ ಎಲೆಕ್ಟ್ರಾನ್‌ಗಳ ಪುಟ್ಟ ಅಯಸ್ಕಾಂತಗಳು, ಅಂದರೆ ಸ್ಪಿನ್‌ಗಳು ಒಂದು ಮೇಲೆ, ಒಂದು ಕೆಳಗೆ ಮುಖ ಮಾಡಿ ಸಾಲುಗಟ್ಟುತ್ತವೆ. ಅಂದರೆ ಅದು ಆಂಟಿಫೆರೋಮ್ಯಾಗ್ನೆಟ್. ಸುಮಾರು 300 ಕೆಲ್ವಿನ್‌ವರೆಗೂ, ಅಂದರೆ ನಮ್ಮ ಕೋಣೆಯ ಬಿಸಿಯ ಹತ್ತಿರದವರೆಗೂ, ಆ ಸಾಲು ಕೆಡುವುದಿಲ್ಲ. ಇಂಥ ವಸ್ತುವನ್ನು ನೀವು “ಒಂದು ತಾಮ್ರದ ಆಕ್ಸೈಡ್” ಅಂತ ಬರೆದು ದಾಟಿಬಿಟ್ಟಿದ್ದೀರಿ! ಸೂಪರ್‌ಕಂಡಕ್ಟರ್ ಹುಟ್ಟಿದ್ದು ವಿದ್ಯುತ್ತನ್ನೇ ಹರಿಸದ ಒಂದು ಕಾಂತವಸ್ತುವಿನಿಂದ ಅನ್ನುವುದು ನಿಮ್ಮ ಲೇಖನದ ಎದೆ ಆಗಬೇಕಿತ್ತು.

ಈಗ ಒಂದು ಲ್ಯಾಂಥನಮ್ ಎದ್ದು ಹೋಗಿ ಬೇರಿಯಂ ಬಂತು ಅನ್ನೋಣ. ಬೇರಿಯಂ ಕೊಡುವುದು ಎರಡೇ ಎಲೆಕ್ಟ್ರಾನ್. ಒಂದು ಕಡಿಮೆ ಬಿತ್ತು. ಆ ಕೊರತೆಯನ್ನು ತಾಮ್ರ ಮತ್ತು ಆಮ್ಲಜನಕ ಇರುವ ಪದರ ಹೊರುತ್ತದೆ. ಬೇರಿಯಂ ಮಾತ್ರ ಆ ಪದರದಲ್ಲಿ ಇರುವುದಿಲ್ಲ, ಎರಡು ಪದರಗಳ ನಡುವೆ ಇರುತ್ತದೆ. ಅಲ್ಲಿದ್ದುಕೊಂಡೇ ಪದರದೊಳಗೆ ಒಂದು ಖಾಲಿ ಜಾಗ (ಹೋಲ್) ಹುಟ್ಟಿಸುತ್ತದೆ. ಖಾಲಿ ಜಾಗ ಆಯಿತು ಅಂದಮೇಲೆ ಎಲೆಕ್ಟ್ರಾನ್‌ಗಳು ಸರಿಯಬಹುದು, ಅಲ್ವಾ? ಸರಿದಾಗ ಮೇಲೆ-ಕೆಳಗೆ ಎಂಬ ಆ ಸಾಲು ಚೆದುರುತ್ತದೆ. ಬೇರಿಯಂ ಬದಲು ಸ್ಟ್ರಾನ್ಶಿಯಂ ಹಾಕಿ ಬಹಳ ಚೆನ್ನಾಗಿ ಅಳೆದಿದ್ದಾರೆ. ಎರಡು ಲ್ಯಾಂಥನಮ್‌ಗೆ 0.02ರಷ್ಟು ಬದಲಾದರೆ ಸಾಕು, ಆ ಕಾಂತದ ಶಿಸ್ತು ಮುಗಿಯಿತು. 0.05 ದಾಟಿದ ಮೇಲೆ ಸೂಪರ್‌ಕಂಡಕ್ಟಿವಿಟಿ ಕಾಣಿಸುತ್ತದೆ. 0.15ರ ಸುಮಾರಿಗೆ ಅದು ಉಳಿಯುವ ಉಷ್ಣತೆ ಅತಿ ಎತ್ತರಕ್ಕೆ ಹೋಗುತ್ತದೆ, 38 ಕೆಲ್ವಿನ್ ಹತ್ತಿರ. ಸೂಪರ್‌ಕಂಡಕ್ಟರಿನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಜೋಡಿಯಾಗಿ ಹರಿಯುತ್ತವೆ; ಅವನ್ನು ಅಲ್ಲಿ ಜೋಡಿ ಮಾಡುವುದು ಏನು ಅನ್ನುವುದರ ಬಗ್ಗೆ ವಿಜ್ಞಾನಿಗಳು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಅದನ್ನೂ ಹಾಗೇ ಬರೆಯಿರಿ. ‘ಮಾಯವಾಯಿತು’ ಅಂತ ಬರೆದರೆ ತಿಳಿದ ಭಾಗವೂ ತಿಳಿಯದ ಭಾಗವೂ ಒಟ್ಟಿಗೆ ಮುಚ್ಚಿಹೋಗುತ್ತವೆ.

ತೇಲುವ ರೈಲು, ಎಂಆರ್‌ಐ ಯಂತ್ರ ಇರುವ ಮೂರನೆಯ ಪುಟ ಬಿಡೋಣ. ನಾಲ್ಕನೆಯ ಪುಟದಲ್ಲಿ ಫೆರೈಟ್ ಬಗ್ಗೆ, ಅಂದರೆ ಕಬ್ಬಿಣದ ಆಕ್ಸೈಡ್ ಮುಖ್ಯವಾಗಿರುವ ಕಾಂತವಸ್ತುವಿನ ಬಗ್ಗೆ, ಒಂದು ವಾಕ್ಯ ಇದೆ. ಅದನ್ನು ಓದಿ ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. “ಸತುವಿಗೆ ಕಾಂತಗುಣ ಇಲ್ಲ, ಆದ್ದರಿಂದ ಫೆರೈಟಿಗೆ ಸತು ಸೇರಿಸಿದಷ್ಟೂ ಅದರ ಕಾಂತಗುಣ ಕಡಿಮೆಯಾಗುತ್ತದೆ.”

ಇಲ್ಲ, ಮಾಸ್ತರ್ರೇ. ಮೊದಲು ಜಾಸ್ತಿಯಾಗುತ್ತದೆ.

ಮುದ್ರಣಾಲಯಕ್ಕೆ ಸೇರುವ ಮುಂಚೆ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾ ನಿಕಲ್-ಸತು ಫೆರೈಟ್ ತಯಾರಿಸುತ್ತಿದ್ದೆ. ಮೂರು ಆಕ್ಸೈಡುಗಳನ್ನು ತೂಗಿ, ಅಗೇಟಿನ ಕಲಬತ್ತದಲ್ಲಿ ಅಸಿಟೋನ್ ಹಾಕಿ ಗಂಟೆಗಟ್ಟಲೆ ಅರೆಯುವುದು. ಕುಲುಮೆಗೆ ಇಡುವುದು. ಮತ್ತೆ ಅರೆದು, ಒತ್ತಿ ಬಿಲ್ಲೆ ಮಾಡಿ, ಮತ್ತೆ ಕುಲುಮೆಗೆ. ಬಿಲ್ಲೆಗಳನ್ನು ಸಾಲಾಗಿ ಅಳೆಯುತ್ತಾ ಹೋದರೆ ಸತು ಏರಿದಂತೆ ಕಾಂತೀಯತೆಯೂ ಏರುತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಆದರೂ ಕಣ್ಣೆದುರು ಏರುವುದನ್ನು ನೋಡುವ ಖುಷಿಯೇ ಬೇರೆ. ಆ ಖುಷಿ ನಿಮ್ಮ ಓದುಗರಿಗೂ ಸಿಗಬೇಕು ಅಂತ ನನ್ನ ಆಸೆ. ನಿಮ್ಮ ವಾಕ್ಯ ಅದನ್ನು ಕಸಿದುಕೊಳ್ಳುತ್ತದೆ.

ಕಾರಣ ಮತ್ತೆ ಜಾಗದ್ದೇ. ಈ ಫೆರೈಟಿನಲ್ಲಿ ಲೋಹಗಳಿಗೆ ಎರಡು ಬಗೆಯ ಜಾಗಗಳಿವೆ. ನಾಲ್ಕು ಆಮ್ಲಜನಕಗಳ ನಡುವಿನದು ಒಂದು, ಆರು ಆಮ್ಲಜನಕಗಳ ನಡುವಿನದು ಇನ್ನೊಂದು. ಎರಡೂ ಬಗೆಯ ಜಾಗಗಳ ಸ್ಪಿನ್‌ಗಳು ಒಂದಕ್ಕೊಂದು ಎದುರು ದಿಕ್ಕು. ಫ್ರಾನ್ಸಿನ ಭೌತವಿಜ್ಞಾನಿ ನೀಲ್ ಇದನ್ನು 1948ರಲ್ಲಿ ವಿವರಿಸಿದರು. ನಿಕಲ್ ಫೆರೈಟಿನಲ್ಲಿ ಕಬ್ಬಿಣ ಎರಡೂ ಕಡೆ ಸಮಸಮ ಹಂಚಿಕೊಂಡಿರುತ್ತದೆ. ಅದರ ಕಾಂತಬಲ ಈ ಕಡೆ 5, ಆ ಕಡೆ 5, ಒಂದನ್ನೊಂದು ಕಳೆದುಕೊಳ್ಳುತ್ತವೆ. ಉಳಿಯುವುದು ಆರರ ಜಾಗದ ನಿಕಲ್‌ನ 2 ಮಾತ್ರ (ಅಳತೆ ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ). ಸತು ಬಂದರೆ ನಾಲ್ಕರ ಜಾಗವನ್ನೇ ಹಿಡಿಯುತ್ತದೆ. ಅಲ್ಲಿದ್ದ ಕಬ್ಬಿಣ ಆರರ ಜಾಗಕ್ಕೆ ಹೋಗಬೇಕಾಗುತ್ತದೆ. ನಿಕಲ್ 0.2ರಷ್ಟು ಕಡಿಮೆ ಮಾಡಿ ಅಷ್ಟೇ ಸತು ಹಾಕಿದಿರಿ ಅನ್ನಿ. ಒಂದು ಕಡೆ 4 ಉಳಿಯಿತು, ಇನ್ನೊಂದು ಕಡೆ ಕಬ್ಬಿಣದ 6, ನಿಕಲ್‌ನ 1.6, ಸೇರಿ 7.6. ವ್ಯತ್ಯಾಸ 3.6. ಕಾಂತಗುಣವೇ ಇಲ್ಲದ ಸತು ಬಂದು 2 ಇದ್ದದ್ದನ್ನು 3.6 ಮಾಡಿತು. ಎದುರು ನಿಂತವರನ್ನು ಅದು ಕಡಿಮೆ ಮಾಡಿತು, ಅಷ್ಟೇ. ಸತುವಿನ ಪಾಲು ಅರ್ಧದ ಹತ್ತಿರ ಬಂದಾಗ ಈ ಏರಿಕೆ ನಿಲ್ಲುತ್ತದೆ. ಆರರ ಜಾಗದ ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ಹಿಡಿದಿಡಲು ಎದುರಿನವರು ಸಾಲದಾಗುತ್ತಾರೆ, ಅವು ಓರೆಯಾಗುತ್ತವೆ. ಕಾಂತಗುಣ ಕಳೆದುಹೋಗುವ ಉಷ್ಣತೆ, ಅಂದರೆ ಕ್ಯೂರಿ ಉಷ್ಣತೆ, ಮಾತ್ರ ಸತು ಹಾಕಿದ ಮೊದಲ ಹೆಜ್ಜೆಯಿಂದಲೇ ಇಳಿಯುತ್ತದೆ. ನಿಮ್ಮ ವಾಕ್ಯ ಅದರ ಬಗ್ಗೆ ಆಗಿದ್ದರೆ ಒಪ್ಪುತ್ತಿದ್ದೆ.

ಇದೇ ಸತುವನ್ನು ಮೇಲೆ ಹೇಳಿದ ಸೂಪರ್‌ಕಂಡಕ್ಟರಿನಲ್ಲಿ ತಾಮ್ರದ ಜಾಗಕ್ಕೆ ಕೂರಿಸಿ. ನೂರಕ್ಕೆ ಎರಡು ಮೂರು ಹಾಕುವಷ್ಟರಲ್ಲಿ ಸೂಪರ್‌ಕಂಡಕ್ಟಿವಿಟಿ ಸತ್ತುಹೋಗುತ್ತದೆ. ಕಾಂತಗುಣ ಇರುವ ನಿಕಲ್ ಕೂಡ ಅಷ್ಟು ಬೇಗ ಕೊಲ್ಲುವುದಿಲ್ಲ. ಹಳೆಯ ಲೋಹದ ಸೂಪರ್‌ಕಂಡಕ್ಟರುಗಳಲ್ಲಿ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಸತುವಿನಂಥದ್ದರಿಂದ ಹೆಚ್ಚು ತೊಂದರೆ ಇಲ್ಲ, ಕಾಂತಗುಣದ ಪರಮಾಣುಗಳೇ ಶತ್ರು. 1958ರಲ್ಲಿ ಮ್ಯಾಥಿಯಾಸ್ ಮತ್ತು ಜೊತೆಗಾರರು ಲ್ಯಾಂಥನಮ್ ಲೋಹಕ್ಕೆ ಕಾಂತಗುಣ ಇರುವ ಗ್ಯಾಡೊಲಿನಿಯಂ ಸೇರಿಸಿ ನೋಡಿದರು. ನೂರಕ್ಕೆ ಒಂದರ ಸುಮಾರಿಗೇ ಸೂಪರ್‌ಕಂಡಕ್ಟಿವಿಟಿ ಹೆಚ್ಚು ಕಡಿಮೆ ಮುಗಿದುಹೋಯಿತು. ಅದೇ ಗ್ಯಾಡೊಲಿನಿಯಂ 1987ರ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿನಲ್ಲಿ ಇಟ್ರಿಯಂನ ಅಷ್ಟೂ ಜಾಗ ಹಿಡಿದರೂ 90 ಕೆಲ್ವಿನ್ ದಾಟಿದ ಅದರ ಸೂಪರ್‌ಕಂಡಕ್ಟಿವಿಟಿಗೆ ಏನೂ ಆಗುವುದಿಲ್ಲ! ಎಲೆಕ್ಟ್ರಾನ್ ಜೋಡಿಗಳು ಓಡಾಡುವ ಪದರದಿಂದ ಅದು ದೂರ ಕೂತಿರುತ್ತದೆ. ಇಷ್ಟು ಸರಕು ಕೈಯಲ್ಲಿರುವಾಗ “ಸತುವಿಗೆ ಕಾಂತಗುಣ ಇಲ್ಲ, ಆದ್ದರಿಂದ” ಅಂತ ಸುಮ್ನೆ ಊಹಿಸಿ ಬರೆದಿರಲ್ಲ, ಅದು ನನಗೆ ನೋವಾಯಿತು. ಧಾತುವಿನ ಸ್ವಭಾವ ನೋಡಿ ಫಲ ಹೇಳುವುದು ಜಾತಕ ಹೇಳಿದ ಹಾಗಾಗುತ್ತದೆ. ಅದು ಕೂತ ಜಾಗ ಹೇಳಿ, ನೆರೆಯವರು ಯಾರು ಹೇಳಿ.

ಕೊನೆಗೆ ನೀವು ಬರೆದ ಚಿತ್ರ. ಬೇರಿಯಂ ಹೆಚ್ಚಾದಂತೆ ಸೂಪರ್‌ಕಂಡಕ್ಟಿವಿಟಿ ಉಳಿಯುವ ಉಷ್ಣತೆಯ ಗೆರೆ ಮೇಲಕ್ಕೆ ಹೋಗುತ್ತಲೇ ಇದೆ, ಬಲಗಡೆ ಬಾಣದ ಗುರುತು ಬೇರೆ. ಇದನ್ನು ಅಚ್ಚು ಹಾಕಲಾರೆ. ಗೆರೆ ಗುಮ್ಮಟದ ಹಾಗೆ ಏರಿ ಇಳಿಯಬೇಕು. ಅತಿಯಾದರೆ ವಸ್ತು ಲೋಹವಾಗಿ ಉಳಿಯುತ್ತದೆ, ಸೂಪರ್‌ಕಂಡಕ್ಟರ್ ಆಗಿ ಉಳಿಯುವುದಿಲ್ಲ. ಇನ್ನೊಂದು, ನೀವು ಬೇರಿಯಂ ಆರಿಸಿಕೊಂಡಿರುವುದರಿಂದ 0.125ರ ಹತ್ತಿರ ಆ ಗುಮ್ಮಟದಲ್ಲಿ ಒಂದು ಆಳವಾದ ತಗ್ಗು ಬೀಳಬೇಕು. ಅಲ್ಲಿ ಸ್ಪಿನ್‌ಗಳೂ ಹೋಲ್‌ಗಳೂ ಪಟ್ಟೆಪಟ್ಟೆಯಾಗಿ ಜೋಡಿಸಿಕೊಂಡು ನಿಲ್ಲುತ್ತವೆ, ಸೂಪರ್‌ಕಂಡಕ್ಟಿವಿಟಿ ಕೆಲವೇ ಕೆಲ್ವಿನ್‌ಗೆ ಕುಸಿಯುತ್ತದೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಈ ತಗ್ಗನ್ನು ನುಣ್ಣಗೆ ಮಾಡಿಬಿಡುವುದುಂಟು. ನೀವು ಹಾಗೆ ಮಾಡಬೇಡಿ.

ಎರಡನೆಯ ಪುಟದ ಆ ಮೂರು ವಾಕ್ಯ, ಸತುವಿನ ವಾಕ್ಯ, ಈ ಚಿತ್ರ, ಇಷ್ಟನ್ನು ಹೊಸದಾಗಿ ಮಾಡಿ ಕಳಿಸಿ. ಪುಟ ಜಾಸ್ತಿಯಾದರೆ ಚಿಂತೆ ಬೇಡ. ರೈಲಿನ ಭಾಗವನ್ನು ಕತ್ತರಿಸಿ ನಿಮಗೆ ಜಾಗ ಮಾಡಿಕೊಡುತ್ತೇನೆ.