ಎರಡು ವರ್ಷದ ಮಗನಿಗೆ ಆಟಿಸಂ ಇರಬಹುದು ಅಂದಾರ, ಥೆರಪಿ ಈಗ್ಲೇ ಶುರು ಮಾಡ್ಬೇಕೋ, ಸ್ವಲ್ಪ ಕಾಯ್ಬೇಕೋ?

ಕಾಯಬ್ಯಾಡ್ರಿ, ಈಗ್ಲೇ ಶುರು ಮಾಡ್ರಿ. ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ "ಗಂಡ್ ಹುಡುಗ್ರು ತಡಾ ಮಾತಾಡ್ತಾವು, ಅವರಪ್ಪನೂ ಹಂಗ ಇದ್ದ" ಅಂತ ಹಿರ್ಯಾರು ಪ್ರೀತಿಲೇ ಹೇಳ್ತಾರ, ಆದ್ರ ಹಂಗ ಕಾಯ್ಕೋತ ಕೂತ್ರ ಭಾಳ ಬೆಲೆ ಇರೋ ಟೈಮ್ ಹೋಗ್ಬಿಡ್ತೈತಿ, ಯಾಕಂದ್ರ ಮೊದಲ ಮೂರ್ನಾಲ್ಕು ವರ್ಷದಾಗ ಮಿದುಳು ಜಲ್ದಿ ಬೆಳಿತಿರ್ತೈತಿ, ಹೊಸಾದು ಕಲಿಯೋದು ಆವಾಗ ಸಲೀಸು.

ಹೆಸ್ರು ಹಿಡದು ಕರದ್ರ ನೋಡವಲ್ದು, ಒಂದೂವರೆ ವರ್ಷ ಆದ್ರೂ ಬೆರಳು ಮಾಡಿ ತೋರಸವಲ್ದು ಅಂದ್ರ ಮೊದ್ಲು ಕಿವಿ ಟೆಸ್ಟ್ ಮಾಡಸ್ರಿ, ಆಮೇಲೆ ಮಕ್ಕಳ ಡಾಕ್ಟ್ರಿಗೆ ಇಲ್ಲಾ ಧಾರವಾಡದ ಡಿಮ್ಹಾನ್ಸ್‌ನಾಗ (ಮಾನಸಿಕ ಆರೋಗ್ಯ, ನರರೋಗದ ಸರ್ಕಾರಿ ಆಸ್ಪತ್ರೆ) ತೋರಸ್ರಿ. ಸರ್ಕಾರದ ಆರ್‌ಬಿಎಸ್‌ಕೆ ಅಂದ್ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಯೋಜನೆಯಾಗ (2013ರಿಂದ ಐತಿ) ಅಂಗನವಾಡಿ ಮಕ್ಕಳನ್ನ ಫ್ರೀ ಆಗಿ ತಪಾಸಣೆ ಮಾಡ್ತಾರ, ಅಲ್ಲೂ ಕೇಳ್ರಿ. ಡಯಾಗ್ನೋಸಿಸ್ ಪಕ್ಕಾ ಆಗೋಮಟ ಸ್ಪೀಚ್ ಥೆರಪಿ (ಮಾತು ಕಲಿಸೋದು), ಆಕ್ಯುಪೇಷನಲ್ ಥೆರಪಿ (ಆಟ, ಊಟ, ಬಟ್ಟಿ ಹಾಕ್ಕೊಳ್ಳೋದು ಅಂಥ ದಿನದ ಕೆಲಸ ಕಲಿಸೋದು) ಮುಂದೂಡೋದು ಬ್ಯಾಡ.

ನನ್ನ ಪ್ರಕಾರ ಭಾಳ ಮುಖ್ಯ ಅಂದ್ರ ಮನ್ಯಾಗಿನ ಕೆಲಸ. ಥೆರಪಿಸ್ಟ್ ಹತ್ರ ವಾರಕ್ಕ ಒಂದೆರಡು ತಾಸು ಸಿಗ್ತೈತಿ, ಉಳಿದ ಹೊತ್ತೆಲ್ಲಾ ಕೂಸು ನಿಮ್ಮ ಕೂಡನೇ ಇರ್ತೈತಿ. ಚುನಮುರಿ ಡಬ್ಬಿ ಕೈಯಾಗ ಹಿಡ್ಕೊಂಡು ಅವನ ಎದುರು ಕೂಡ್ರಿ, ನಿಮ್ಮ ಕಡೆ ನೋಡಿದ್ರ ಇಲ್ಲಾ ಕೈ ಚಾಚಿದ್ರ "ಚುನಮುರಿ ಬೇಕಾ" ಅಂತ ಹೇಳಿ ತಕ್ಷಣ ಸ್ವಲ್ಪ ಕೊಡ್ರಿ, ಮತ್ತ ಕಾಯ್ರಿ. ಸನ್ನೆ ಮಾಡಿದ್ರೂ ಅದು ಮಾತೇ ಅಂತ ತಿಳ್ಕೋರಿ, ಬಾಯಿ ಬಿಟ್ಟು ಹೇಳ್ಲೇಬೇಕು ಅಂತ ಹಠ ಮಾಡಿ ಅಳಸಬ್ಯಾಡ್ರಿ. ಮೊಬೈಲ್ ಕಡಿಮಿ ಮಾಡ್ರಿ.

ಎಲ್ಲಾ ಮಕ್ಕಳಿಗೂ ಒಂದೇ ಸಮ ಸುಧಾರಣೆ ಆಗಂಗಿಲ್ಲ. ಪೂರ್ತಿ ವಾಸಿ ಮಾಡ್ತೀವಿ ಅಂತ ಸ್ಟೆಮ್ ಸೆಲ್ ಗಿಲ್ ಸೆಲ್ ಚಿಕಿತ್ಸೆ ಅನ್ನೋರಿಗೆ ದಯವಿಟ್ಟು ರೊಕ್ಕ ಕೊಡಬ್ಯಾಡ್ರಿ. ಮಗುಗ ಐದು ವರ್ಷ ದಾಟಿದ್ರೂ ಥೆರಪಿ ಉಪಯೋಗ ಐತಿ, ಬಿಡಬ್ಯಾಡ್ರಿ.